ಬೆಟ್ಟದಿಂದ ತೆಗೆದ ಫೋಟೊ

ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯ ಆಫೀಸಿನಲ್ಲಿ ನಾಗಭೂಷಣ ಗುಮಾಸ್ತನಾಗಿದ್ದ. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಲೂನಾ ಹತ್ತಿ ಕುದಾಪುರದ ಹುಲ್ಲುಗಾವಲಿಗೆ ಹೋಗುತ್ತಿದ್ದ. ಅಲ್ಲಿ ಕೃಷ್ಣಮೃಗಗಳಿದ್ದವು. ಆದರೆ ಅವು ಮನುಷ್ಯನ ವಾಸನೆ ಬಡಿದರೆ ಸಾಕು, ಹುಲ್ಲಿನ ಮೇಲೆ ಹಾರುತ್ತ ಮಾಯವಾಗುತ್ತಿದ್ದವು. ಅವನ ಹತ್ತಿರ ಇದ್ದ ಉದ್ದನೆಯ ಲೆನ್ಸಿನಲ್ಲೂ ಅವು ಫೋಟೊದಲ್ಲಿ ಇರುವೆಯಷ್ಟೇ ಕಾಣುತ್ತಿದ್ದವು.

ತೊಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ ಬೆಂಗಳೂರಿನ ಅಂಗಡಿಯೊಂದರಿಂದ ಅವನು ಯಾರೋ ಬಳಸಿ ಮಾರಿದ್ದ ಟೆಲಿಕನ್ವರ್ಟರ್ ತಂದ. ನೋಡಲು ದಪ್ಪ ಬಳೆಯ ಹಾಗೆ ಇತ್ತು. ಅದನ್ನು ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಸಿಕ್ಕಿಸಿದರೆ ಲೆನ್ಸಿನ ನೋಟ ಎರಡರಷ್ಟು ದೂರ ಹೋಗುತ್ತಿತ್ತು. ಅದಕ್ಕೆ ತಕ್ಕ ಕಷ್ಟವೂ ಇತ್ತು. ಒಳಗೆ ಬರುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತಿತ್ತು, ಮಟಮಟ ಮಧ್ಯಾಹ್ನದಲ್ಲೂ ಕಣ್ಣಿಗೆ ಸಂಜೆಯಂತೆ ಕಾಣುತ್ತಿತ್ತು. ಉಸಿರು ಬಿಟ್ಟರೂ ಚಿತ್ರ ಕದಲುತ್ತಿತ್ತು. ಕ್ಯಾಮೆರಾವನ್ನು ಮರಳಿನ ಚೀಲದ ಮೇಲೆ ಕೂರಿಸಿ, ಉಸಿರು ಹಿಡಿದು ಗುಂಡಿ ಒತ್ತುವುದನ್ನು ಅವನು ರೂಢಿ ಮಾಡಿಕೊಂಡ.

ಅದೇ ಹೊತ್ತಿಗೆ ಅವನಿಗೆ ಮೊಳಕಾಲ್ಮೂರಿನಲ್ಲಿ ಹೆಣ್ಣು ನೋಡುವ ಮಾತಾಗಿತ್ತು. ಹುಡುಗಿಯ ಹೆಸರು ವನಜಾಕ್ಷಿ. ತಂದೆ ಮೂಡಲಗಿರಿಯಪ್ಪ ರೇಷ್ಮೆ ಸೀರೆ ನೇಯುವವರು. ಸಂಬಂಧ ತಂದವನು ಪಾತಣ್ಣ. ಎರಡೂ ಊರಿನ ಮದುವೆಗಳಿಗೆ ಅವನೇ ಓಡಾಡುತ್ತಿದ್ದ. "ಹುಡುಗಿ ಚಿನ್ನದಂಥೋಳು. ನಡಿಗೆ ವಸಿ ನಿಧಾನ, ಅಷ್ಟೇಯ" ಎಂದು ನಾಗಭೂಷಣನ ತಾಯಿ ತಿಪ್ಪೇರುದ್ರಮ್ಮನಿಗೆ ಹೇಳಿದ್ದ. ನಡಿಗೆ ನಿಧಾನ ಎಂದರೆ ನಾಚಿಕೆಯ ಸ್ವಭಾವ ಎಂದು ಆಕೆ ತಿಳಿದುಕೊಂಡಿದ್ದರು.

ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲಿನ ಭಾನುವಾರ ನಾಗಭೂಷಣ ಮೊಳಕಾಲ್ಮೂರಿನ ಬೆಟ್ಟ ಹತ್ತಿದ. ಹದ್ದಿನ ಗೂಡು ನೋಡಲೆಂದೇ ಹೊರಟಿದ್ದ, ಅದು ಸುಳ್ಳಲ್ಲ. ಆದರೆ ಹದ್ದು ಬರಲಿಲ್ಲ. ಬಂಡೆಯ ಮೇಲೆ ಕೂತು ಕೂತು ಬೇಸರವಾಗಿ, ಕನ್ವರ್ಟರ್ ಸಿಕ್ಕಿಸಿದ್ದ ಲೆನ್ಸನ್ನು ಕೆಳಗಿನ ಊರಿನ ಕಡೆ ತಿರುಗಿಸಿದ. ನೀಲಿ ಸುಣ್ಣ ಹೊಡೆದ ಮಾಳಿಗೆ ಮನೆ ಎಂದು ಪಾತಣ್ಣ ಗುರುತು ಹೇಳಿದ್ದ. ಒಂದು ಸಲ ನೋಡಿದರೇನು ಎಂದುಕೊಂಡ.

ಮಾಳಿಗೆಯ ಮೇಲೆ ಬಣ್ಣ ಹಾಕಿದ ರೇಷ್ಮೆ ನೂಲು ಒಣಗುತ್ತಿತ್ತು. ಅದರ ಪಕ್ಕದಲ್ಲಿ ಒಬ್ಬ ಹುಡುಗಿ. ಪಾತಣ್ಣ ತೋರಿಸಿದ ಫೋಟೊದಲ್ಲಿದ್ದ ಮುಖವೇ. ಅವಳು ತಟ್ಟೆಯಲ್ಲಿ ನೀರು ತುಂಬಿದ ಲೋಟಗಳನ್ನಿಟ್ಟುಕೊಂಡು ಮಾಳಿಗೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಎಡಗಾಲು ಗಿಡ್ಡವಾಗಿತ್ತು. ಆ ಕಾಲು ಊರಿದಾಗಲೆಲ್ಲ ತಟ್ಟೆ ವಾಲಿ ನೀರು ಚೆಲ್ಲುತ್ತಿತ್ತು. ಅವಳು ನಿಂತು ಲೋಟ ಮತ್ತೆ ತುಂಬಿ, ಈ ಸಲ ಕಾಲ್ಬೆರಳ ತುದಿಯ ಮೇಲೆ ಭಾರ ಬಿಟ್ಟು ನಡೆದಳು. ಮತ್ತೆ ಚೆಲ್ಲಿತು. ಕೊನೆಗೆ ತಟ್ಟೆ ಕೆಳಗಿಟ್ಟು, ಮೋಟುಗೋಡೆಗೆ ಒರಗಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ನಾಗಭೂಷಣ ರೀಲು ಮುಗಿಯುವವರೆಗೆ ಫೋಟೊ ತೆಗೆದ. ಅವಳ ಕಷ್ಟ ಅವನಿಗೆ ಕಾಣಲಿಲ್ಲವೆಂದಲ್ಲ. ಆದರೆ ಇಷ್ಟು ದೂರದಿಂದ ಲೋಟಗಳೂ ಬಿಡಿಬಿಡಿಯಾಗಿ ಕಾಣುತ್ತಿವೆಯಲ್ಲ ಎಂಬ ಖುಷಿ ಅದಕ್ಕಿಂತ ದೊಡ್ಡದಾಗಿತ್ತು.

ಪ್ರಿಂಟು ಹಾಕಿದವನು ಚಳ್ಳಕೆರೆಯ ಸ್ಟುಡಿಯೋದ ಶಕೀಲ್. ಲಕೋಟೆ ಕೊಡುವಾಗ, "ಜಿಂಕೆ ಫೋಟೊ ತರ್ತೀರಿ ಅಂದ್ಕೊಂಡಿದ್ದೆ ಸಾರ್" ಎಂದ.

ಮರುದಿನ ನಾಗಭೂಷಣ ಆ ಲಕೋಟೆಯನ್ನು ಗಿರಣಿಗೆ ಒಯ್ದ. "ಬೆಟ್ಟದ ಮ್ಯಾಗಿಂದ ತೆಗ್ದಿದ್ದು ನೋಡ್ರಿ" ಎಂದು ಜೊತೆಯವರ ಮುಂದೆ ಹರಡಿದ. ಕನ್ವರ್ಟರ್ ಬಗ್ಗೆ ವಿವರಿಸತೊಡಗಿದ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಫೋಟೊಗಳು ಕೈಯಿಂದ ಕೈಗೆ ಹೋದವು.

"ಏನ್ಲೇ ಇದು, ಕುಂಟಿ ಸರ್ಕಸ್ ಮಾಡ್ತಾಳಲ್ಲೋ!" ಎಂದ ಒಬ್ಬ.

ಎಲ್ಲರೂ ನಕ್ಕರು. ನಾಗಭೂಷಣನೂ ನಕ್ಕ. ನಾನು ನೋಡಬೇಕಾದ ಹುಡುಗಿ ಇವಳೇ ಎಂದು ಅವನು ಹೇಳಲಿಲ್ಲ. ಆದರೆ ಅದನ್ನು ಬಲ್ಲವನೊಬ್ಬ ಅಲ್ಲಿದ್ದ. ಸಂಜೆಯ ಹೊತ್ತಿಗೆ ಸುದ್ದಿ ತಿಪ್ಪೇರುದ್ರಮ್ಮನ ಕಿವಿಗೆ ಬಿತ್ತು. ಆಕೆ ಮಗನ ಲಕೋಟೆ ಬಿಚ್ಚಿ ನೋಡಿ, ಪಾತಣ್ಣನನ್ನು ಕರೆಸಿ ಫೋಟೊಗಳನ್ನು ಅವನ ಮುಂದೆ ಎಸೆದರು.

"ಕಾಲು ಐಬು ಇರೋದನ್ನ ಮುಚ್ಚಿಟ್ಟು ನಮ್ಮ ಮನೆಗೆ ಕಟ್ಟಾಕೆ ನೋಡಿದ್ರಾ? ತಗಂಡೋಗಿ ಅವರಿಗೇ ತೋರ್ಸು. ನಾವು ಬರಾದಿಲ್ಲ."

ಪಾತಣ್ಣ ನಾಗಭೂಷಣನ ಮುಖ ನೋಡಿದ. ನಾಗಭೂಷಣ ಲೆನ್ಸಿನ ಗಾಜು ಒರೆಸುತ್ತ ಕೂತಿದ್ದ. ತಲೆ ಎತ್ತಲಿಲ್ಲ. ಪಾತಣ್ಣ ಫೋಟೊಗಳನ್ನು ಆರಿಸಿಕೊಂಡು ಹೊರಟುಹೋದ.

ಆಮೇಲೆ ನಾಗಭೂಷಣನಿಗೆ ಅನ್ನ ಸೇರಲಿಲ್ಲ. ಅವಳ ತಂದೆ ಆ ಫೋಟೊಗಳನ್ನು ಒಂದೊಂದಾಗಿ ನೋಡುತ್ತಿರುವುದು, ಅವಳು ಬಾಗಿಲ ಮರೆಯಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಒಂದು ವಾರ ತಡೆದು, ರಜೆ ಹಾಕಿ, ನೆಗೆಟಿವ್ ಜೇಬಿನಲ್ಲಿಟ್ಟುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದ.

ಜಗಲಿಯಲ್ಲಿ ಕೂತಿದ್ದ ವನಜಾಕ್ಷಿಯ ಅಜ್ಜಿ ಸೂರಮ್ಮ ಅವನು ಯಾರೆಂದು ತಿಳಿಯದೆ, ತೆಲುಗು ಬೆರೆಸಿ, "ರಾ ನಾಯನಾ, ಸೀರೆ ನೋಡಾಕೆ ಬಂದ್ಯಾ?" ಎಂದರು. ಅವನು ಹೆಸರು ಹೇಳಿದ. ಅಜ್ಜಿಯ ಮುಖ ಬಾಡಿತು. ಮೂಡಲಗಿರಿಯಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ಚಾಪೆ ಹಾಸಿದರು. ಬೈಯುತ್ತಾರೆಂದು ಅವನು ಕಾಯುತ್ತಿದ್ದ. ಅವರು ಬೈಯಲಿಲ್ಲ.

"ಮೊದಲ್ನೇ ದಿನಾನೇ ಪಾತಣ್ಣನಿಗೆ ಹೇಳಿದ್ದೆ ಕಣಪ್ಪ, ಮಗಳ ಕಾಲು ಹಿಂಗೈತೆ ಅಂತ. ಮುಚ್ಚಿಡಾಕೆ ಕಾಲೇನು ಕಾಸಾ?" ಎಂದರು. "ಬ್ಯಾಡ ಅಂದಿದ್ರೆ ಸಾಕಿತ್ತು. ಅದಕ್ಕೆ ಫೋಟೊ ಯಾಕೆ ಬೇಕಿತ್ತು?"

ಅವನು ನೆಗೆಟಿವ್ ತೆಗೆದು ಚಾಪೆಯ ಮೇಲಿಟ್ಟ. ಅಷ್ಟರಲ್ಲಿ ವನಜಾಕ್ಷಿ ಒಳಗಿನಿಂದ ಬಂದಳು. ಕಾಲು ಎಳೆಯುತ್ತಲೇ ಬಂದು ಎದುರಿಗೆ ನಿಂತಳು.

"ಎಲ್ಲಿಂದ ತೆಗೆದ್ರಿ?"

ಅವನು ಬಾಗಿಲಾಚೆ ಕಾಣುತ್ತಿದ್ದ ಬಂಡೆಯ ಕಡೆ ಕೈ ತೋರಿಸಿದ.

"ಅಷ್ಟು ದೂರದಿಂದಾನಾ?" ಅವಳು ಬಹಳ ಹೊತ್ತು ಅತ್ತಲೇ ನೋಡಿದಳು. "ಅಲ್ಲಿ ಕುರಿ ಮೇಯ್ಸೋರು ನಮಗೆ ಕಡ್ಡಿ ಹಂಗೆ ಕಾಣ್ತಾರೆ. ನೀವು ನೋಡಾಕೆ ಬಂದಾಗ ನೀರು ಚೆಲ್ಲಬಾರದು ಅಂತ ಮನ್ಯಾಗೆ ನಡೆದು ರೂಢಿ ಮಾಡ್ಕಂಡ್ರೆ ಅಜ್ಜಿ ಅಳ್ತಾಳೆ ಅಂತ ಮಾಳಿಗೆ ಹತ್ತಿದ್ದೆ. ಯಾರೂ ನೋಡಲ್ಲ ಅಂದ್ಕಂಡಿದ್ದೆ."

ನಾಗಭೂಷಣ ಕೈ ಮುಗಿದ. "ತಪ್ಪಾತು. ನಿಮಗೆ ಒಪ್ಪಿಗೆ ಆದ್ರೆ... ಅವ್ವನ್ನ ನಾನು ಒಪ್ಪಿಸ್ತೀನಿ. ಮದುವೆ..."

"ನಾಚಿಕೆ ಆಗೈತೆ ಅಂತ ಮದುವೆ ಆಗ್ತೀರಾ?" ಎಂದಳು ವನಜಾಕ್ಷಿ. "ನಿಮ್ಮ ನಾಚಿಕೆ ಒಂದು ವರ್ಷಕ್ಕೆ ಹೋಗ್ತೈತೆ. ಆಮ್ಯಾಕೆ?"

ಮೂಡಲಗಿರಿಯಪ್ಪ ಪಾತಣ್ಣ ಕೊಟ್ಟುಹೋಗಿದ್ದ ಫೋಟೊಗಳನ್ನು ಗೋಡೆಯ ಗೂಡಿನಿಂದ ತೆಗೆದು ತಂದು ನೆಗೆಟಿವ್ ಪಕ್ಕದಲ್ಲಿಟ್ಟರು. ಸುಮ್ಮನೆ ನೋಡುತ್ತಿದ್ದ ನಾಗಭೂಷಣನಿಗೆ ಆಗ ಗೊತ್ತಾಯಿತು, ಒಂದು ಫೋಟೊ ಇರಲಿಲ್ಲ. ಅವಳು ಕೂತು ಮುಖ ಒರೆಸಿಕೊಳ್ಳುತ್ತಿದ್ದ ಫೋಟೊ. ಹೇಳದೆ ಎದ್ದುಬಿಡಬಹುದಿತ್ತು. ಆದರೆ ಹೇಳಿದ.

"ಯಾರ ಹತ್ರ ಐತೆ?" ಎಂದಳು ಅವಳು.

"ಗಿರಣ್ಯಾಗೆ ತೋರಿಸಿದ್ದೆ. ಅಲ್ಲೇ ಯಾರೋ..."

ಗಿರಣಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಸೂರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ವನಜಾಕ್ಷಿ ನೆಗೆಟಿವ್ ಮತ್ತು ಫೋಟೊಗಳನ್ನು ಬಾಚಿ ಎತ್ತಿಕೊಂಡು ಒಳಗೆ ಹೋದಳು. ಒಲೆಯಲ್ಲಿ ಸುಟ್ಟ ವಾಸನೆ ಹೊರಗೆ ಬಂತು. ಒಳಗಿನಿಂದಲೇ ಹೇಳಿದಳು: "ಅದನ್ನ ಹುಡುಕಿ ತಂದುಕೊಡ್ರಿ. ಈಗ ಹೋಗ್ರಿ." ಹೋಗಿ ಬರ್ರಿ ಎನ್ನಲಿಲ್ಲ.

ಅವನು ಗಿರಣಿಯಲ್ಲಿ ಎಲ್ಲರನ್ನೂ ಕೇಳಿದ. "ನನ್ನ ಹತ್ರ ಇಲ್ಲಪ್ಪ" ಎಂದರು ಎಲ್ಲರೂ. ಕೆಲವರು ನಗುತ್ತ ಹೇಳಿದರು. "ಅದರಾಗೆ ನಗೋದೇನೂ ಇಲ್ಲ" ಎಂದು ಅವನು ಕೂಗಾಡಿದ. ಮೊದಲ ದಿನ ಆಡಬೇಕಿದ್ದ ಆ ಮಾತನ್ನು ಈಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಮೇಜಿನ ಖಾನೆಗಳನ್ನು ಕಳ್ಳನ ಹಾಗೆ ಜಾಲಾಡಿದ. ಸಿಗಲಿಲ್ಲ. ಸಿಗಲಿಲ್ಲವೆಂದು ಹೇಳಲು ಮತ್ತೊಮ್ಮೆ ಮೊಳಕಾಲ್ಮೂರಿಗೆ ಹೋದ. ಮೂಡಲಗಿರಿಯಪ್ಪ ಹೊಸ್ತಿಲಲ್ಲೇ ನಿಂತು ಕೇಳಿ, ತಲೆಯಾಡಿಸಿ ಬಾಗಿಲು ಮುಂದಕ್ಕೆ ಎಳೆದುಕೊಂಡರು.

ಮುಂದಿನ ವರ್ಷ ವನಜಾಕ್ಷಿಗೆ ರಾಯದುರ್ಗದ ನೇಕಾರರ ಮನೆಯಲ್ಲಿ ಮದುವೆಯಾಯಿತೆಂದು ಪಾತಣ್ಣನಿಂದ ತಿಳಿಯಿತು. ಒಳ್ಳೆಯ ಹುಡುಗನಂತೆ. ಕೇಳಿ ನಾಗಭೂಷಣನ ಮನಸ್ಸು ಹಗುರಾಗಲಿಲ್ಲ. ಎಷ್ಟೋ ದಿನಗಳವರೆಗೆ, ಗಿರಣಿಯ ಅಂಗಳದಲ್ಲಿ ನಾಲ್ಕು ಜನ ಗುಂಪುಗೂಡಿ ನಗುತ್ತಿದ್ದರೆ, ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಹತ್ತಿರ ಹೋಗಿ ಅವರ ಕೈಗಳನ್ನು ನೋಡುತ್ತಿದ್ದ.