ಬರಿ ತೊಟ್ಟಿಲು

ತಂಬೂರಿನ ಗುಡ್ಡದಂಚಿನ ತನ್ನ ಮನೆಯಲ್ಲಿ ಮಲ್ಲಕ್ಕ ಒಂದು ಕೋಣೆಯನ್ನು ಹೋಂಸ್ಟೇ ಮಾಡಿ, ಚೆಂದಕ್ಕೆಂದು ಅಲ್ಲಿ ಮನೆತನದ ಹಳೆಯ ಕಲಘಟಗಿಯ ಬಣ್ಣದ ತೊಟ್ಟಿಲನ್ನು ತೂಗುಹಾಕಿದ್ದಳು. ಮೊದಲ ಅತಿಥಿಗಳಾಗಿ ಬಂದ ಮೈಸೂರಿನ ದಂಪತಿ ಬೆಳಗ್ಗೆ ಎದ್ದವರೇ ಫೋಟೋಗಾಗಿ ಅದನ್ನು ತೂಗತೊಡಗಿದರು.

"ಬರೇ ತೊಟ್ಲ ತೂಗಬಾರದ್ರಿ, ಬಿಡ್ರಿ," ಎಂದಳು ಮಲ್ಲಕ್ಕ.

ಹೆಂಡತಿಯ ಮುಖ ಸಪ್ಪಗಾಯಿತು. ಸೊಸೆ ಶಾಂಭವಿ ಅತ್ತೆಯನ್ನು ಪಡಸಾಲೆಗೆ ಎಳೆದಳು. "ಸುಮ್ನಿರ್ರಿ ಅತ್ತಿ. ಫೋನಿನ್ಯಾಗ ಕೆಟ್ಟದ್ದ ಬರದ್ರಂದ್ರ ಮತ್ತ್ಯಾರೂ ಬರಂಗಿಲ್ಲ."

"ಬರೀಲೇಳ. ನಾಕ ತಲಿಮಾರಿನ ಕೂಸು ಮಲಗಿದ ತೊಟ್ಲ ಅದು, ಜೋಕಾಲಿ ಅಲ್ಲ."

ಮಲ್ಲಕ್ಕನಿಗೂ ಗಿರಾಕಿ ಬೇಕಿತ್ತು. ಆದರೆ ತೊಟ್ಟಿಲಿನ ಮಾನ ಕಳೆದು ಬೇಕಿರಲಿಲ್ಲ. ಅಡುಗೆಮನೆಗೆ ಹೋಗಿ ಒರಳಿನ ಗುಂಡುಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಕೂಸಿನ ಕುಂಚಿಗೆ ತೊಡಿಸಿ, ಎರಡೂ ಕೈಯಲ್ಲಿ ಹೊತ್ತು ತಂದು ತೊಟ್ಟಿಲಲ್ಲಿ ಮಲಗಿಸಿದಳು.

"ಹೆಸರಿಡೋ ದಿನಾ ಕೂಸಿಗಿಂತ ಮೊದಲ ಮಲಗಾಂವ ಇಂವಾ. ಈಗ ತೂಗ್ರಿ."

ಗಂಡ ಕಲ್ಲಿಗೆ ಎಚ್ಚರವಾದೀತೆಂಬಂತೆ ಮೆಲ್ಲಗೆ ತೂಗಿದ. ಹೆಂಡತಿ ನಗುತ್ತ, "ನೀವೂ ನಿಂತ್ಕೊಳ್ಳಿ ಅಮ್ಮ, ನಿಮ್ಮನ್ನ ಬಿಟ್ಟು ಫೋಟೋ ಹೆಂಗೆ ಹಾಕೋದು," ಎಂದಳು. ಮಲ್ಲಕ್ಕ ಸೆರಗು ಸರಿಪಡಿಸಿಕೊಂಡು, ಬಾಣಂತನ ಮುಗಿಸಿದ ತಾಯಿಯಂತೆ ಬೀಗುತ್ತ ನಿಂತಳು.

ಶಾಂಭವಿ ಬಾಗಿಲಲ್ಲಿ ಇಣುಕಿದಳು. "ಅತ್ತಿ, ನಾಷ್ಟಾಕ್ಕ ಚಟ್ನಿ ಅರೀಬೇಕು. ಗುಂಡು ಕೊಡ್ರಿ."

"ತಡೀಬೇ," ಎಂದಳು ಮಲ್ಲಕ್ಕ. "ಈಗರ ಮಲಗೇತಿ."