ಗಿಡ್ಡಪ್ಪನ ರೈಟ್

ಜಗಳೂರಿನ ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಸಿಗ್ನಲ್ ದೀಪ ಇಲ್ಲ. ಗಿಡ್ಡಪ್ಪ ಇದ್ದಾನೆ.

ದೀಪಕ್ಕಿಂತ ಅವನೇ ವಾಸಿ ಎಂಬುದು ಊರಿನವರ ಅಭಿಪ್ರಾಯ. ಯಾವ ಟ್ರ್ಯಾಕ್ಟರ್ ಯಾರದು, ಯಾರನ್ನು ಬೈದರೆ ನಡೆಯುತ್ತದೆ, ಯಾರನ್ನು ಬೈದರೆ ಸಂಜೆಯೊಳಗೆ ಸ್ಟೇಷನ್ನಿಗೆ ಫೋನ್ ಬರುತ್ತದೆ ಎನ್ನುವುದೆಲ್ಲ ದೀಪಕ್ಕೆ ಹೇಗೆ ತಿಳಿಯಬೇಕು? ಗಿಡ್ಡಪ್ಪನಿಗೆ ತಿಳಿದಿತ್ತು. ಜಗಳೂರು–ದಾವಣಗೆರೆ ಖಾಸಗಿ ಬಸ್ಸಿನಲ್ಲಿ ತಲೆ ನರೆಯುವವರೆಗೂ ಕಂಡಕ್ಟರ್ ಆಗಿದ್ದವನು ಅವನು. ಹೆಣ್ಣುಮಕ್ಕಳೆಲ್ಲ ಪುಕ್ಕಟೆ ಸರ್ಕಾರಿ ಬಸ್ಸು ಹತ್ತಿ ಖಾಸಗಿ ಬಸ್ಸಿನ ಸೀಟುಗಳು ಖಾಲಿ ಹೊಡೆಯತೊಡಗಿದ ಮೇಲೆ ಮಾಲೀಕರು ಬಸ್ಸನ್ನೇ ಮಾರಿಬಿಟ್ಟರು. ಆಮೇಲೆ ಮನೆಯಲ್ಲಿ ಕೂತು, ಸಾರಿಗೆ ಉಪ್ಪು ಹೆಚ್ಚಾಯಿತು, ಇವತ್ತು ಕಮ್ಮಿಯಾಯಿತು ಎಂದು ಹೆಂಡತಿ ಲಕ್ಷ್ಮೀದೇವಿಯ ತಲೆ ತಿನ್ನುತ್ತಿದ್ದ. ಅಷ್ಟರಲ್ಲಿ ಎಸ್‌ಐ ಸಾಹೇಬರು ಕರೆಸಿ, "ಸರ್ಕಲ್ ನೋಡ್ಕೊಳ್ತೀರಾ?" ಎಂದು ಕೇಳಿದರು. ಬೇಡ ಅನ್ನುತ್ತಾನೆಯೇ? ಮಿರುಗುವ ಪಟ್ಟಿಯ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಅವತ್ತು ಕನ್ನಡಿ ಮುಂದೆ ಎಷ್ಟು ಸಲ ಹಾಕಿ ತೆಗೆದನೋ, ಲಕ್ಷ್ಮೀದೇವಿಯನ್ನೇ ಕೇಳಬೇಕು.

ಜಾಕೆಟ್ಟಿನ ಜೊತೆ ಒಂದು ವಿಷಲ್ಲೂ ಕೊಟ್ಟಿದ್ದರು. ಅದು ಅವನಿಗೆ ಒಗ್ಗಲಿಲ್ಲ. ಅವನದೆಲ್ಲ ಬಾಯಿಯ ಕೆಲಸ. ನಿಲ್ಲಿಸಬೇಕಾದರೆ "ಹೋಲ್ಡಾನ್", ಬಿಡಬೇಕಾದರೆ "ರೈಟ್, ರೈಟ್". ಬಸ್ಸಿನ ಮಾತೇ ಸರ್ಕಲ್ಲಿಗೂ ಬಂತು. ಮೆಕ್ಕೆಜೋಳದ ಲೋಡಿಗೂ ರೈಟ್, ಶೇಂಗಾ ಟ್ರ್ಯಾಕ್ಟರಿಗೂ ರೈಟ್, ಕುರಿ ಹಿಂಡಿಗೂ ರೈಟ್. ಈ ಸೀಮೆಯಲ್ಲಿ ಬಸ್ಸು ಹತ್ತಿ ಇಳಿದವರಿಗೆ ರೈಟ್ ಎಂದರೆ ಬಲಗಡೆ ಅಲ್ಲ, ದಾರಿ ಸಲೀಸಾಗಿದೆ, ಹೊರಡು ಎಂದು ಅರ್ಥ. ಕುರಿಗಳಿಗೂ ಅದು ತಿಳಿದಿತ್ತು ಎಂದರೆ ಯಾರೂ ಅಲ್ಲಗಳೆಯಲಾರರು. ಹಳದಿ ಗೆರೆ ದಾಟಿಸಿ ಬೈಕು ಬಿಟ್ಟು ಹೋಗುವವರಿಗೆ ಬೇರೆ ಪಾಠ ಇತ್ತು. "ಏನ್ರೀ ಸಾವ್ಕಾರ್ರೆ, ಗಾಡಿ ನಡುರೋಡಿಗೆ ನಿಲ್ಸಿ ಮಂಡಕ್ಕಿ ಮಿರ್ಚಿ ತಿನ್ನಾಕೆ ಹೊಂಟ್ರಲ್ಲ, ರೋಡು ನಿಮ್ಮ ಮಾವ ಬಳುವಳಿ ಕೊಟ್ಟಿದ್ದಾ?" ಅನ್ನಿಸಿಕೊಂಡವರೂ ನಗುತ್ತ ಬಂದು ಗಾಡಿ ತೆಗೆಯುತ್ತಿದ್ದರು.

ಇಂಥ ಬಾಯಿಂದಲೇ ಅನಾಹುತ ಆಯಿತು.

ನನ್ನೇಸಾಬ ಎಂದರೆ ಬಸ್ಸು, ಬೈಕುಗಳ ಸೀಟು ಹೊಲಿಯುವವನು. ಗಿಡ್ಡಪ್ಪನ ಬಸ್ಸಿನಲ್ಲಿ ಅವನ ದಬ್ಬಣ ಆಡದ ಸೀಟು ಒಂದೂ ಇರಲಿಲ್ಲ. ಇಬ್ಬರೂ ಒಂದೇ ಟೀಯನ್ನು ಎರಡು ಲೋಟ ಮಾಡಿಕೊಂಡು ಕುಡಿಯುವಷ್ಟು ಸಲಿಗೆಯವರು. ಅವನ ಮಗಳು ಶಾಹೀನ್ ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಬಂದಿದ್ದಳು. ದೂರದ ಹಳ್ಳಿಯೊಂದರ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತ್ತು. ಆದರೆ ಬೆಳಗಿನ ಹೊತ್ತು ಅಲ್ಲಿಗೆ ಬಸ್ಸಿಲ್ಲ. ಸ್ಕೂಟರ್ ಇದ್ದರೆ ಕೆಲಸ, ಇಲ್ಲದಿದ್ದರೆ ಮನೆಯ ಮೂಲೆ. ಅವರಿವರ ಮಾತಿಗೆ ಅಂಜಿ ಹಿಂದೆ ಮುಂದೆ ನೋಡುತ್ತಿದ್ದ ನನ್ನೇಸಾಬ ಕಡೆಗೆ ಹಳೆಯ ಸ್ಕೂಟರೊಂದನ್ನು ತಂದು, ಅದಕ್ಕೆ ತಾನೇ ಹೊಸ ಸೀಟು ಹೊಲಿದು ಕೊಟ್ಟ. ಒಂದೇ ಷರತ್ತು ಹಾಕಿದ್ದ. ಯಾರಿಗಾದರೂ ಗುದ್ದಿದಳೋ, ಗಾಡಿಯೂ ಇಲ್ಲ, ಕೆಲಸವೂ ಇಲ್ಲ.

ಆವತ್ತು ಹುಡುಗಿ ಮೊದಲ ಸಲ ಒಬ್ಬಳೇ ಸರ್ಕಲ್ಲಿಗೆ ಬಂದಿದ್ದಳು. ನೇರ ಹೋಗಬೇಕಿತ್ತು. ಎದುರಿಗೆ ಮೆಕ್ಕೆಜೋಳದ ಟ್ರ್ಯಾಕ್ಟರೊಂದು ತಿರುಗಲಾರದೆ ಒದ್ದಾಡುತ್ತಿತ್ತು. ಗಿಡ್ಡಪ್ಪ "ಹೋಲ್ಡಾನ್" ಎಂದು ಅವಳ ಪಕ್ಕದಲ್ಲೇ ಕೈ ಅಡ್ಡ ಹಿಡಿದ. ಟ್ರ್ಯಾಕ್ಟರ್ ಅತ್ತ ಸರಿದು ಒಂದು ಗಾಡಿ ನುಸುಳುವಷ್ಟು ಜಾಗ ಆಗಿದ್ದೇ ತಡ, "ರೈಟ್, ರೈಟ್" ಎಂದ. ಬಸ್ಸಿನ ಮೈ ತಟ್ಟುವ ಅಭ್ಯಾಸದ ಕೈ ಗಾಳಿಯಲ್ಲೇ ಬಲಕ್ಕೆ ಬೀಸಿತು.

ಡ್ರೈವಿಂಗ್ ಸ್ಕೂಲಿನ ಮಾಸ್ತರರು ರೈಟ್ ಎಂದಾಗಲೆಲ್ಲ ಬಲಕ್ಕೆ ತಿರುಗಿಸಿ ಕಲಿತ ಹುಡುಗಿ. ಟ್ರ್ಯಾಕ್ಟರ್ ಕಂಡು, ಮುಂದಿನ ದಾರಿ ಬಂದ್ ಆಗಿರಬೇಕು ಎಂದುಕೊಂಡಳು. ಜಾಕೆಟ್ಟು ಹಾಕಿದವರು ರೈಟ್ ಅಂದರು, ಕೈಯೂ ಬಲಕ್ಕೆ ತೋರಿಸಿತು. ಬಲಕ್ಕೆ ತಿರುಗಿಸಿದಳು. ಆ ಕಡೆಯಿಂದ ಆಟೋ ಬಂತು. ಅದನ್ನು ತಪ್ಪಿಸಲು ಹೋಗಿ, ರಸ್ತೆಯಂಚಿನಲ್ಲಿ ಸೊಪ್ಪು ಹರವಿಕೊಂಡು ಕೂತಿದ್ದ ಉಡಚಮ್ಮನ ಮೇಲೆಯೇ ಬಿದ್ದಳು.

ಮುದುಕಿಯ ಪಾದದ ಮೇಲೆ ಸ್ಕೂಟರು. ಮೆಂತ್ಯೆ ಸೊಪ್ಪಿನ ಮೇಲೆ ಶಾಹೀನ್. ಜನ ಮುತ್ತಿಕೊಂಡರು. ಸ್ಕೂಟರ್ ಎತ್ತಲು ಬಂದವರು ಇಬ್ಬರು, ಬುದ್ಧಿ ಹೇಳಲು ಬಂದವರಿಗೆ ಲೆಕ್ಕವಿಲ್ಲ.

"ಹುಡುಗೀರ ಕೈಗೆ ಗಾಡಿ ಕೊಟ್ರೆ ಇನ್ನೇನಾಗ್ತೈತೆ?" ಎಂದಿತು ಒಂದು ಗಂಟಲು.

ಶಾಹೀನ್ ಮೊಣಕೈ ಒರೆಸಿಕೊಳ್ಳುತ್ತ ಎದ್ದು ನಿಂತು, "ಕಾಕಾ, ನೀವೇ ರೈಟ್ ಅಂದ್ರಲ್ಲ" ಎಂದಳು.

ಜನ ಗೊಳ್ಳೆಂದು ನಕ್ಕರು. "ಎಲಾ ಇವಳ, ರೈಟ್ ಅಂದ್ರೆ ಹೋಗು ಅಂತ ಕಣವ್ವ. ಕಂಡಕ್ಟರ್ ಹೇಳಿದ್ದು ತಿಳೀವಲ್ದು, ಗಾಡಿ ಹೊಡಿಯಾಕೆ ಬಂದೈತೆ."

ಗಿಡ್ಡಪ್ಪನಿಗೆ ಆ ಕ್ಷಣವೇ ಎಲ್ಲ ಹೊಳೆಯಿತು. ಅಷ್ಟರಲ್ಲಿ ಎಸ್‌ಐ ಜೀಪಿನಿಂದ ಇಳಿದು ಬಂದರು.

"ನೀವು ಏನಂದ್ರಿ ಗಿಡ್ಡಪ್ಪ?"

ಸುತ್ತ ಅಷ್ಟು ಜನ. ಮೈಮೇಲೆ ಜಾಕೆಟ್ಟು. ಇಡೀ ಊರು ತನ್ನ ಪರವಾಗಿ ನಗುತ್ತಿದೆ.

"ಹೋಗು ಅಂದೆ, ಸಾರ್."

ಸುಳ್ಳಲ್ಲ ಎಂದು ವಾದಿಸಬಹುದು. ರೈಟ್ ಎಂದರೆ ಹೋಗು ಎಂದೇ ಅಲ್ಲವೇ? ಅರ್ಥ ಹೇಳಿದ, ಮಾತು ನುಂಗಿದ. ಆದರೆ ನುಂಗಿದ ಆ ಒಂದು ಮಾತಿನಲ್ಲಿ ಹುಡುಗಿಯ ಕೆಲಸ ಇತ್ತು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಶಾಹೀನ್ ಜಗಳ ಮಾಡಲಿಲ್ಲ. ಒಂದು ಸಲ ಅವನ ಮುಖ ನೋಡಿ, ಬಗ್ಗಿ ಉಡಚಮ್ಮನ ಸೊಪ್ಪಿನ ಕಟ್ಟುಗಳನ್ನು ಆರಿಸತೊಡಗಿದಳು. ಗಿಡ್ಡಪ್ಪ ಬೇರೆ ಕಡೆ ತಿರುಗಿ, ದಾರಿಗೆ ಅಡ್ಡವಿಲ್ಲದ ಬೈಕೊಂದಕ್ಕೆ ಬೈದ.

ಉಡಚಮ್ಮನ ಪಾದದ ಎಲುಬು ಬಿರಿದಿತ್ತು. ಪಟ್ಟಿ ಹಾಕಿ ಕಳಿಸಿದರು.

ಸಂಜೆ ಗಿಡ್ಡಪ್ಪ ಮನೆಯ ಜಗುಲಿಯಲ್ಲಿ ಕೂತಿದ್ದಾಗ ನನ್ನೇಸಾಬ ಬಂದ. ಕಟ್ಟೆ ಹತ್ತಲಿಲ್ಲ. ಕೆಳಗೇ ನಿಂತು ಎರಡೂ ಕೈ ಜೋಡಿಸಿದ.

"ತಪ್ಪಾತು ಗಿಡ್ಡಣ್ಣ. ಮಾಡಿದ್ದು ಅಲ್ದೆ ನಿನ್ನ ಮ್ಯಾಲೆ ಹಾಕಾಕೆ ನೋಡೈತೆ ಹುಡುಗಿ. ಅಷ್ಟು ಮಂದಿ ಮುಂದೆ ನಿನ್ನ ಹೆಸರು ತಗದೈತೆ. ಮನಸ್ಸಿಗೆ ಹಚ್ಕೋಬ್ಯಾಡ ನೀನು."

ಈಗಲಾದರೂ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಬಾಯಿಂದ ಹೊರಬಿದ್ದದ್ದು ಮಾತ್ರ ಬೇರೆ.

"ಇರ್ಲಿ ಬಿಡೋ. ಸಣ್ಣ ಹುಡುಗಿ."

ಕ್ಷಮಿಸಿದ! ತಾನು ಕಾಲು ಹಿಡಿಯಬೇಕಾದವನನ್ನು ತಾನೇ ಕ್ಷಮಿಸಿ ಕಳಿಸಿದ. ನನ್ನೇಸಾಬನ ಕಣ್ಣು ತುಂಬಿ ಬಂತು. "ಹಳೆ ಗಾಡಿ ಕೊಳ್ಳೋ ಕೆಂಚೇಶಂಗೆ ಹೇಳೀನಿ, ಮುಂಜಾನೆ ಬಂದು ಗಾಡಿ ಒಯ್ತಾನೆ. ಆಸ್ಪತ್ರೆಗೂ ಬರಲ್ಲ ಅಂತ ಫೋನ್ ಮಾಡು ಅಂದೀನಿ. ಅಳಾಕತ್ತೈತೆ. ಅಳ್ಲಿ" ಎಂದು ಹೊರಟುಹೋದ.

ಒಳಗಿನಿಂದ ಲಕ್ಷ್ಮೀದೇವಿ ಎಲ್ಲ ಕೇಳಿಸಿಕೊಂಡಿದ್ದಳು. ತಟ್ಟೆ ತಂದಿಟ್ಟು ಕೇಳಿದಳು. "ಹೋಗು ಅಂದ್ರಂತೆ?"

"ಹೂಂ."

"ಮಗಳನ್ನ ಗಂಡನ ಮನೀಗೆ ಕಳಿಸುವಾಗ ಕಾರಿನ ಬೆನ್ನು ಬಡಿದು ರೈಟ್ ಅಂದೋರು ನೀವು. ಬೀಗರೆಲ್ಲ ಬಿದ್ದು ಬಿದ್ದು ನಕ್ಕಿದ್ರು. ಹೋಗು ಅನ್ನೋ ಮಾತು ನಿಮ್ಮ ಬಾಯಾಗೆ ನಾ ಒಂದು ದಿನ ಕೇಳಿಲ್ಲ." ಅವಳು ದನಿ ಏರಿಸಲಿಲ್ಲ. "ಆ ಹುಡುಗಿ ಸುಳ್ಳು ಹೇಳಿಲ್ಲ ಅಂತ ನನಗೆ ಗೊತ್ತೈತೆ. ಉಣ್ರಿ."

ರೊಟ್ಟಿ ಮುರಿದು ಸಾರಿಗೆ ಅದ್ದಿದ. ಉಪ್ಪು ಹೆಚ್ಚೋ ಕಡಿಮೆಯೋ ಅವನಿಗೆ ಅಂದು ಗೊತ್ತಾಗಲಿಲ್ಲ. ನಾಚಿಕೆ ಅನ್ನುವುದು ಇಷ್ಟು ದಿನ ಅವನಿಗೆ ಚಿಲ್ಲರೆ ಸಂಗತಿಯಾಗಿತ್ತು. ಬಸ್ಸಿನಲ್ಲಿ ಜಾರಿ ಬಿದ್ದರೆ, ಪಂಚೆ ಬಿಚ್ಚಿದರೆ ಆಗುವಂಥದ್ದು. ಇದು ಹಾಗಿರಲಿಲ್ಲ. ಮೈ ತೊಳೆದರೂ ಹೋಗದ ಹೊಲಸು ಹತ್ತಿಕೊಂಡ ಹಾಗಿತ್ತು.

ಬೆಳಿಗ್ಗೆ ಜಾಕೆಟ್ಟು ಕಂಕುಳಲ್ಲಿಟ್ಟುಕೊಂಡು ನೇರ ನನ್ನೇಸಾಬನ ಅಂಗಡಿಗೆ ಹೋದ. ಸ್ಕೂಟರ್ ಬಾಗಿಲ ಮುಂದಿತ್ತು. ಕೆಂಚೇಶ ಟೈರು ಒತ್ತಿ ನೋಡುತ್ತಿದ್ದ. ಒಳಗೆ ಶಾಹೀನ್ ತಲೆ ತಗ್ಗಿಸಿಕೊಂಡು ರೆಕ್ಸಿನ್ ಕತ್ತರಿಸುತ್ತಿದ್ದಳು.

"ಸಾಬ, ಗಾಡಿ ಕೊಡಬ್ಯಾಡ" ಎಂದ ಗಿಡ್ಡಪ್ಪ. "ತಪ್ಪು ನಂದು. ನಾ ರೈಟ್ ಅಂದೆ, ಕೈನೂ ಬೀಸಿದೆ. ಹುಡುಗಿ ನಂಬಿ ತಿರುಗಿಸ್ತು."

ನನ್ನೇಸಾಬ ಕೈಲಿದ್ದ ದಬ್ಬಣ ಕೆಳಗಿಟ್ಟು ಅವನನ್ನೇ ನೋಡಿದ. ಆಮೇಲೆ ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

"ಇದು ನಿನ್ನ ದೊಡ್ಡ ಗುಣ ಗಿಡ್ಡಣ್ಣ. ಹುಡುಗಿ ಅಳ್ತೈತೆ ಅಂತ ನಿನ್ನ ತಲೆ ಮ್ಯಾಲೆ ಹಾಕ್ಕೊಳಾಕೆ ಬಂದೀಯ. ಬ್ಯಾಡ. ಇನ್ನೊಬ್ಬರ ತಪ್ಪು ನೀ ಹೊರಬ್ಯಾಡ."

"ಅಲ್ಲೋ, ನಿಜವಾಗ್ಲೂ ನಾನೇ..."

"ಇಂಥೋರು ಈಗಿನ ಕಾಲದಾಗೆ ಎಲ್ಲಿ ಸಿಗ್ತಾರೆ?" ಎಂದು ಕೆಂಚೇಶನೂ ಸೇರಿಸಿದ.

ಅಯ್ಯೋ, ನಿಜ ಹೇಳಿದರೂ ಹೀಗಾಗಬೇಕೇ? ನಿನ್ನೆಯ ಸುಳ್ಳಿಗೆ ಬೈಗುಳ ಬೇಡಲು ಬಂದವನಿಗೆ ಹೊಗಳಿಕೆ ಸಿಕ್ಕಿತು. ಹೆಗಲ ಮೇಲಿನ ಕೈ ಕಾದ ಕಬ್ಬಿಣದ ಹಾಗೆ ಸುಡುತ್ತಿತ್ತು. ಶಾಹೀನ್ ತಲೆ ಎತ್ತಲಿಲ್ಲ. ಅವಳ ಕತ್ತರಿ ಮಾತ್ರ ನಿಂತಿತ್ತು.

"ಒಂದು ರೌಂಡು ಹೋಗಿ ಬರ್ತೀನಿ" ಎಂದು ಕೆಂಚೇಶ ಸ್ಕೂಟರ್ ಹತ್ತಿ, ಕಾಲೂರಿಕೊಂಡು ಹಿಂದೆ ಹಿಂದೆ ರಸ್ತೆಯಂಚಿಗೆ ತಂದು ನೇರ ಮಾಡಿಕೊಂಡ. ತಿರುವಿನಿಂದ ಲಾರಿಯೊಂದು ಬರುತ್ತಿತ್ತು. ಗಿಡ್ಡಪ್ಪನ ಮನಸ್ಸು ಎಲ್ಲೋ ಇತ್ತು, ಕಣ್ಣು ಮಾತ್ರ ರಸ್ತೆಯ ಮೇಲಿತ್ತು.

"ಹೋಲ್ಡಾನ್."

ಕೆಂಚೇಶ ನಿಂತ. ಲಾರಿ ದಾಟಿತು.

"ರೈಟ್, ರೈಟ್." ಕೈ ತಾನಾಗಿ ಬಲಕ್ಕೆ ಬೀಸಿತು.

ಹುಟ್ಟಿದಾಗಿನಿಂದ ಬಸ್ಸು ಕಂಡ ಕೆಂಚೇಶ ಗಾಡಿಯ ಮೂತಿ ಕೂಡ ತಿರುಗಿಸದೆ ನೇರ ಹೊರಟುಹೋದ.

ಗಿಡ್ಡಪ್ಪ ಬೀಸಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಿದ್ದ.

"ಅಬ್ಬಾ," ಎಂದು ಶಾಹೀನ್ ತಂದೆಯನ್ನು ಮೆಲ್ಲಗೆ ಕರೆದಳು, "ನಿನ್ನೆನೂ ಇದೇ ಅಂದಿದ್ದು. ಕೈನೂ ಹಿಂಗೇ ತೋರ್ಸಿದ್ದು."

ನನ್ನೇಸಾಬನ ಕೈ ಗಿಡ್ಡಪ್ಪನ ಹೆಗಲಿನಿಂದ ಇಳಿಯಿತು. ಅವನು ಮಗಳ ಮುಖ ನೋಡಿದ, ಆ ಬೀಸಿದ ಕೈ ನೋಡಿದ.

"ರೈಟ್ ಅಂದಿದ್ದಕ್ಕೆ ನಂಗೇನೂ ಸಿಟ್ಟಿಲ್ಲ" ಎಂದ. "ಅದು ಬಾಯಿ ರೂಢಿ. ಆದ್ರೆ ನಿನ್ನೆ ನಾ ಬಂದು ಕೈ ಮುಗಿದು ನಿಂತಿದ್ದೆ. ಇರ್ಲಿ ಬಿಡು ಅಂತ ಹೆಂಗೆ ಅನ್ನಾಕೆ ಬಂತು?"

ಗಿಡ್ಡಪ್ಪ ಕೈ ಇಳಿಸಿ, ಕಂಕುಳಲ್ಲಿದ್ದ ಜಾಕೆಟ್ಟನ್ನು ಮಡಿಚತೊಡಗಿದ.

ಕೆಂಚೇಶ ಸುತ್ತು ಹಾಕಿ ಬಂದು, "ಗಾಡಿ ಚೊಲೋ ಐತೆ" ಎಂದ. ನನ್ನೇಸಾಬ ಅವನ ಕೈಯಿಂದ ಕೀ ತೆಗೆದುಕೊಂಡು ಮಗಳ ಮುಂದೆ, ರೆಕ್ಸಿನ್ನಿನ ಮೇಲೆ ಇಟ್ಟ. "ಆಸ್ಪತ್ರೆಗೆ ಫೋನ್ ಮಾಡಿ ಬರ್ತೀನಿ ಅನ್ನು" ಎಂದ. ಆಮೇಲೆ ತನ್ನ ಜಾಗದಲ್ಲಿ ಕೂತು ದಬ್ಬಣಕ್ಕೆ ದಾರ ಪೋಣಿಸತೊಡಗಿದ. ದಾರ ಸರಿಯಾಗಿ ಹೋಗುತ್ತಿರಲಿಲ್ಲ.

"ಟೈಮಾತು ಕಂಡಕ್ಟರ್ರೆ, ಸರ್ಕಲ್ಲಿಗೆ ಹೋಗ್ರಿ" ಎಂದ ತಲೆ ಎತ್ತದೆ. "ನಿನ್ನೆ ನನ್ನ ಮಗಳನ್ನ ನೋಡಿ ನಕ್ಕ ಮಂದಿ ಅಲ್ಲೇ ಇರ್ತಾರೆ. ಅವರ ಮುಂದೆ ಹೇಳ್ರಿ."

ಗಿಡ್ಡಪ್ಪ ಜಾಕೆಟ್ಟು ಹಾಕಿಕೊಳ್ಳದೆ ಸರ್ಕಲ್ಲಿನ ಕಡೆ ನಡೆದ. ಜನರ ಮುಂದೆ ಹೇಳುವುದು ಅವನಿಗೆ ಈಗ ಕಷ್ಟ ಎನಿಸಲಿಲ್ಲ. ಚುಚ್ಚುತ್ತಿದ್ದುದು ಬೇರೆ. ಇಷ್ಟು ವರ್ಷದಲ್ಲಿ ನನ್ನೇಸಾಬ ಅವನಿಗೆ 'ರೀ' ಹಚ್ಚಿ ಮಾತಾಡಿದ್ದು ಅದೇ ಮೊದಲು.