ಕಾಯಿ ಅಲ್ಲಾಡಿಸುವ ದೆವ್ವ

ಹೋದ ವರ್ಷ ಕಾಲೇಜಿನ ಕಿರುಚಿತ್ರ ಸ್ಪರ್ಧೆಯಲ್ಲಿ ಅನುಪಮಾಳ ದೆವ್ವದ ಸಿನಿಮಾ ನೋಡಿ ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಂದಿನಿಂದ ಅವಳದು ಒಂದೇ ಹಟ: ಈ ಸಲ ಒಬ್ಬರಾದರೂ ಹೆದರಬೇಕು. ನೋಟ್‌ಬುಕ್ಕಿನಲ್ಲಿ ನಲವತ್ತೆರಡು ಶಾಟ್‌ಗಳ ಚಿತ್ರ ಬರೆದುಕೊಂಡಿದ್ದಳು. ಕ್ಯಾಮೆರಾ, ಎಡಿಟಿಂಗ್ ಎರಡೂ ನನ್ನ ಫೋನಿನಲ್ಲಿ. ನಾಯಕ ನಮ್ಮ ಕ್ಲಾಸಿನ ಕಾಂತೇಶ. ದೆವ್ವ, ಅನುಪಮಾಳ ಅಜ್ಜಿ ಕೆಂಪಕ್ಕ.

ಶೂಟಿಂಗ್ ನಡೆದದ್ದು ಹಾಲ್ಕುರಿಕೆಯ ಅವರ ಮನೆಯ ಅಟ್ಟದಲ್ಲಿ. ಕೊಬ್ಬರಿಯಾಗಲೆಂದು ವರ್ಷದಿಂದ ಅಲ್ಲೇ ಒಣಗುತ್ತಿದ್ದ ಕಾಯಿಗಳ ರಾಶಿಯ ನಡುವೆ, ಬಿಳಿ ಸೀರೆಯುಟ್ಟು ಕೂದಲು ಇಳಿಬಿಟ್ಟ ಅಜ್ಜಿ ನಡೆದು ಬಂದರೆ ನನಗೇ ಮೈ ಜುಮ್ಮೆಂದಿತು.

"ಅಜ್ಜೀ, ಕ್ಯಾಮೆರಾ ನೋಡ್ಬ್ಯಾಡ."

"ನೋಡಾಕಿಲ್ಲ ಬುಡೇ, ಎಷ್ಟು ಸಲ ಹೇಳ್ತೀಯ."

ಹೇಳಿದಂತೆಯೇ ಅಜ್ಜಿ ಒಮ್ಮೆಯೂ ಕ್ಯಾಮೆರಾ ನೋಡಲಿಲ್ಲ. ನೋಡಿದ್ದು ಕಾಯಿಯನ್ನು. ಅಟ್ಟದ ಮಬ್ಬಿನಲ್ಲಿ ನಾವಿಬ್ಬರೂ ಅವರ ಕಣ್ಣು ಕ್ಯಾಮೆರಾ ಕಡೆ ತಿರುಗೀತೇ ಎಂದಷ್ಟೇ ಕಾಯುತ್ತಿದ್ದುದರಿಂದ, ಮರುದಿನ ಎಡಿಟಿಂಗ್‌ಗೆ ಕೂತಾಗಲೇ ಅದು ಗೊತ್ತಾದದ್ದು. ಪ್ರತಿ ಶಾಟ್‌ನಲ್ಲೂ ದೆವ್ವ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತದೆ. ಒಳಗೆ ಕೊಬ್ಬರಿ ಲೊಡಲೊಡ ಎಂದರೆ ಒಣಗಿದೆ ಎಂದು ತಲೆಯಾಡಿಸುತ್ತದೆ. ಸದ್ದಿಲ್ಲದಿದ್ದರೆ ವಾಪಸ್ಸು ರಾಶಿಗೆ.

ಮತ್ತೆ ಶೂಟ್ ಮಾಡೋಣವೆಂದರೆ, ಬೆಳಗ್ಗೆಯೇ ಸುಲಿಯುವವರು ಬಂದು ಅಟ್ಟ ಖಾಲಿಯಾಗಿತ್ತು.

"ದೆವ್ವ ಯಾಕಜ್ಜಿ ಕಾಯಿ ನೋಡ್ಬೇಕು?" ಅನುಪಮಾಳ ದನಿಯಲ್ಲಿ ಅಳುವೇ ಇತ್ತು.

"ಕೈಗೆ ಸಿಕ್ಕಿದ್ದ ನೋಡ್ದೆ ಸುಮ್ಕೆ ಬರಾಕಾಯ್ತದಾ? ದೆವ್ವ ಆದ್ರೂ ಈ ಮನೇದೇ ಅಲ್ವೇನೇ?"

ನಾನು ಕಾಯಿ ಇದ್ದಲ್ಲೆಲ್ಲ ಕತ್ತರಿ ಹಾಕಿದೆ. ಐವತ್ತು ಸೆಕೆಂಡಿನ ಸಿನಿಮಾ ಉಳಿಯಿತು. ಅದರಲ್ಲಿ ನಲವತ್ತು ಸೆಕೆಂಡು ಕಾಂತೇಶ ಮಲಗಿರುವುದು.

"ಸದ್ಯ, ನನ್ ತಲೆ ಹಿಡ್ಕೊಂಡು ಅಲ್ಲಾಡಿಸ್ಲಿಲ್ಲ ಕಣೇ ನಿಮ್ಮಜ್ಜಿ," ಎಂದ ಕಾಂತೇಶ.

ನಾನು ನಕ್ಕೆ. ಅನುಪಮಾ ನಗಲಿಲ್ಲ. ಅವನ ತಲೆಯನ್ನೇ ಸ್ವಲ್ಪ ಹೊತ್ತು ನೋಡಿ, ನೋಟ್‌ಬುಕ್ ತೆರೆದು ನಲವತ್ತಮೂರನೇ ಶಾಟ್ ಬರೆದಳು. ಅಟ್ಟದ ಮಬ್ಬಿನಂತೆ ಕಾಣಲೆಂದು ಹಿತ್ತಿಲಲ್ಲಿ ಕರಿ ಕಂಬಳಿ ಇಳಿಬಿಟ್ಟು ಆವತ್ತೇ ಅದನ್ನು ತೆಗೆದೆವು. ಕತ್ತರಿಸಿದ್ದ ಕಾಯಿಯ ಶಾಟ್‌ಗಳನ್ನೆಲ್ಲ ಮತ್ತೆ ಜೋಡಿಸಿದೆ.

ಸ್ಪರ್ಧೆಯ ದಿನ ಮೊದಲ ಕಾಯಿಗೇ ಸಭಾಂಗಣ ನಕ್ಕಿತು. ಎರಡನೆಯದು ಲೊಡಲೊಡ ಎಂದಾಗ ಹಿಂದಿನಿಂದ ಯಾರೋ, "ಇದು ಆಗೈತೆ, ಇಳಿಸ್ಬೋದು" ಎಂದರು. ಕಾಯಿಯೂರಿನ ಮಕ್ಕಳು, ಆ ಸದ್ದು ಎಲ್ಲರಿಗೂ ಗೊತ್ತು. ಅನುಪಮಾ ತಲೆ ತಗ್ಗಿಸಿ ಕೂತಳು. ಆಮೇಲೆ ದೆವ್ವ ಕಾಯಿ ಬಿಟ್ಟು, ಮಲಗಿದ್ದ ಕಾಂತೇಶನ ಬಳಿ ಬಂದು ಕೂತಿತು. ಎರಡೂ ಕೈಯಲ್ಲಿ ಅವನ ತಲೆಯೆತ್ತಿ ಕಿವಿಯ ಹತ್ತಿರ ತಂದು, ಮೆಲ್ಲಗೆ ಅಲ್ಲಾಡಿಸಿತು.

ಲೊಡಲೊಡ.

ದೆವ್ವ ತಲೆಯಾಡಿಸಿತು. ಪರದೆ ಕಪ್ಪಾಯಿತು.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ತೀರ್ಪುಗಾರರು, ಗಿರಿಜಾಂಬಿಕಾ ಮೇಡಂ, ತಮ್ಮ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಅದನ್ನು ನೋಡಿದ ಅನುಪಮಾ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನ್ನ ಬಳೆಯ ಗುರುತು ಅಲ್ಲೇ ಉಳಿಯಿತು.

ಹೊರಗೆ ಬಂದಾಗ, ಸಿನಿಮಾ ನೋಡಲು ನಮ್ಮೊಡನೆ ಬಂದಿದ್ದ ಅಜ್ಜಿಯ ಮುಖ ಮಾತ್ರ ಗಂಟಿಕ್ಕಿತ್ತು.

"ಸುಳ್ಳು ಸದ್ದು ಹಾಕೀರ ಕಣ್ರಪ್ಪಾ. ನಾನು ಅಲ್ಲಾಡಿಸ್ದಾಗ ಅದು ಹಸಿ ಇತ್ತು. ಇನ್ನೂ ಎಂಟು ತಿಂಗ್ಳು ಬೇಕು."

ಕಾಂತೇಶ ಎರಡು ಹೆಜ್ಜೆ ಹಿಂದೆ ಸರಿದ.